ಹಳೆಯ ಆಟಗಳ ಬಾಳಿಕೆ ಮತ್ತು ಪೊಳ್ಳಾಚಿಯ ಕನ್ನಡ

ಹಳೆಯ ವಿಡಿಯೋ ಗೇಮ್‌ಗಳು ಕಾಲವನ್ನು ಎಷ್ಟರಮಟ್ಟಿಗೆ ತಾಳಿಕೊಂಡಿವೆ ಎಂಬುದನ್ನು ವಿಮರ್ಶೆಯು ಸಾಮಾನ್ಯವಾಗಿ ಚಿತ್ರದ ಅಂದ, ನಿಯಂತ್ರಣದ ನಯ, ಕಷ್ಟದ ಪ್ರಮಾಣಗಳಿಂದ ಅಳೆಯುತ್ತ ಬಂದಿದೆ. ಭಾಷೆಯ ಪ್ರಶ್ನೆ ಕೊನೆಗೆ ಬರುತ್ತದೆ, ಇಲ್ಲವೆ ಬರುವುದೇ ಇಲ್ಲ. ಪೊಳ್ಳಾಚಿ, ಉಡುಮಲೈ ಸೀಮೆಯ ಕನ್ನಡ ಮನೆಗಳಿಂದ ನೋಡಿದರೆ ಈ ಕ್ರಮ ತಲೆಕೆಳಗಾಗುತ್ತದೆ. ಇಲ್ಲಿನ ದೇವಾಂಗ ನೇಕಾರರ, ಒಕ್ಕಲಿಗರ ಮನೆಮಾತು ಕನ್ನಡ. ಶಾಲೆ, ಸಂತೆ, ಸಿನಿಮಾ ತಮಿಳು. ತೊಂಬತ್ತರ ದಶಕದಲ್ಲಿ ಜಪಾನಿನ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲುಗಳು ಭಾರತದ ಪಟ್ಟಣಗಳಿಗೆ ಹೊತ್ತು ತಂದ ಇಂಗ್ಲಿಷ್ ಎರಡಕ್ಕೂ ಹೊರಗಿನದು.

1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಕೇವಲ 40 ಕಿಲೋಬೈಟ್‌ಗಳ ಕೃತಿ. ಮೋಡಕ್ಕೂ ಪೊದೆಗೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ಈ ಜಿಪುಣತನವೇ ಅದರ ಶೈಲಿ. ಮೊದಲ ಹಂತದ ಆರಂಭದಲ್ಲೇ ವೈರಿಯೊಂದು ಎದುರಾಗುತ್ತದೆ: ತಾಗಿದರೆ ಸಾವು, ಹಾರಿ ತುಳಿದರೆ ಗೆಲುವು. ಪೆಟ್ಟಿಗೆಯಿಂದ ಹೊರಬಿದ್ದ ಅಣಬೆ ಕೊಳವೆಗೆ ತಾಗಿ ಆಟಗಾರನತ್ತಲೇ ಮರಳುತ್ತದೆ. ಮೈಗೆ ತಾಗಿದಾಗ ಅದು ಹಿತದ ವಸ್ತುವೆಂದು ತಿಳಿಯುತ್ತದೆ. ಒಂದು ವಾಕ್ಯವನ್ನೂ ಬರೆಯದೆ ವ್ಯಾಕರಣವನ್ನು ಕಲಿಸುವ ಕ್ರಮವಿದು. ಹಿಂದಕ್ಕೆ ಸರಿಯಲು ಬಿಡದ ತೆರೆ ಇಂದಿನವರಿಗೆ ಸಿಡುಕು ತರಬಹುದು, ಆದರೆ ಆಟ ಹಳಸಿಲ್ಲ.

1986ರ ‘ಡ್ರ್ಯಾಗನ್ ಕ್ವೆಸ್ಟ್’ ಹಾಗಲ್ಲ. ಅಲ್ಲಿ ಊರವರ ಮಾತೇ ದಾರಿ. ಓದಲಾರದವನಿಗೆ ಅದು ಮುಚ್ಚಿದ ಪುಸ್ತಕ. ಜಾಗದ ಅಭಾವದಿಂದ ಅದರ ಕರ್ತೃಗಳು ಜಪಾನೀ ಅಕ್ಷರಗಳನ್ನೇ ಕಡಿತಗೊಳಿಸಬೇಕಾಯಿತು. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಆ ಚೌಕದಲ್ಲಿ ‘ರಾಷ್ಟ್ರ’ದ ಒತ್ತಕ್ಷರ ಕೂರುವುದಾದರೂ ಹೇಗೆ?

ಎಲ್ಲಕ್ಕಿಂತ ವಿಚಿತ್ರವಾದುದು 1984ರ ‘ಡಕ್ ಹಂಟ್’. ಬಂದೂಕಿನ ಕುದುರೆ ಎಳೆದೊಡನೆ ತೆರೆ ಕ್ಷಣಕಾಲ ಕಪ್ಪಾಗಿ, ಬಾತುಕೋಳಿಯಿದ್ದೆಡೆ ಬಿಳಿಯ ಚೌಕ ಮಿಂಚುತ್ತದೆ. ಆ ಬೆಳಕನ್ನು ಬಂದೂಕು ಗ್ರಹಿಸುತ್ತದೆ. ಹಳೆಯ ಗಾಜಿನ ಟಿವಿಯ ವೇಗಕ್ಕೆ ಹೊಂದಿಸಿದ ಈ ಲೆಕ್ಕ ಇಂದಿನ ಚಪ್ಪಟೆ ಟಿವಿಗಳಲ್ಲಿ ತಪ್ಪುತ್ತದೆ. ಕಾರ್ಟ್ರಿಜ್ ಸರಿಯಾಗಿದೆ, ಬಂದೂಕೂ ಸರಿಯಾಗಿದೆ, ಒಂದು ಹಕ್ಕಿಯೂ ಬೀಳುವುದಿಲ್ಲ. ಕೃತಿ ಕೆಟ್ಟಿಲ್ಲ, ಅದನ್ನು ಸ್ವೀಕರಿಸುತ್ತಿದ್ದ ಸಾಧನ ಇಲ್ಲವಾಗಿದೆ. ಗಡಿಯಾಚೆಯ ಕನ್ನಡವನ್ನು ‘ಕೆಟ್ಟುಹೋದ ಕನ್ನಡ’ವೆಂದು ತಳ್ಳಿಹಾಕುವ ವಿದ್ವಾಂಸರು ಈ ವ್ಯತ್ಯಾಸವನ್ನು ಗಮನಿಸುವುದು ಒಳಿತು. ಮಾತು ಮನೆಯಲ್ಲಿ ಇದ್ದೇ ಇದೆ. ಇಲ್ಲದಿರುವುದು ಅದನ್ನು ಹಿಡಿಯಬಲ್ಲ ಪಾಠ, ಅಚ್ಚು, ತೆರೆ.

ಈಗ ಹಳೆಯ ಆಟವೊಂದನ್ನು ಇಂದಿನ ಯಂತ್ರಗಳಿಗಾಗಿ ಮರುರೂಪಿಸಿ ಕನ್ನಡಿಸಿದರೆ ಚೌಕದ ಅಡ್ಡಿಯಿಲ್ಲ. ಆದರೆ ಯಾವ ಕನ್ನಡ, ಯಾವ ಲಿಪಿ? ಪೊಳ್ಳಾಚಿಯ ಓದುಗರಿಗೆ ಒಗ್ಗಿದ ತಮಿಳು ಲಿಪಿಯಲ್ಲಿ ಬರೆದರೆ ಸುಲಭ, ನಿಜ. ಅಲ್ಲಿ ಪಕಾರ ಬಕಾರಗಳಿಗೆ ಒಂದೇ ಅಕ್ಷರವಾದುದರಿಂದ ‘ಬಾಳು’ ಮತ್ತು ‘ಪಾಳು’ ಒಂದೇ ಆಗಿ ಕಾಣುತ್ತವೆ.