ಜೀವಾಮೃತದ ಡ್ರಮ್ಮು, ಹಿತ್ತಲಿನ ತಿಪ್ಪೆ

ಸಾವಯವವೋ ರಾಸಾಯನಿಕವೋ ಎಂಬ ಪ್ರಶ್ನೆ ಎದ್ದಾಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕೈತೋಟಗಳಲ್ಲಿ ಸಿಗುವ ಸಿದ್ಧ ಉತ್ತರ ಜೀವಾಮೃತ. ಜೀವಾಮೃತವನ್ನೇ ಮುಖ್ಯ ಅಂಗವಾಗಿಸಿಕೊಂಡ ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ಕೃಷಿ ರೈತಸಂಘದ ಶಿಬಿರಗಳಿಂದ ಕರ್ನಾಟಕದಲ್ಲಿ ಹಬ್ಬಿದ್ದು ಗೊತ್ತಿರುವ ಸಂಗತಿ. ಹೊಲದಲ್ಲಿ ಜೀವಾಮೃತದ ಸಾಧನೆ ಏನೇ ಇರಲಿ, ಕೈತೋಟದಲ್ಲಿ ಅದಕ್ಕೆ ಸಿಕ್ಕಿರುವ ಹೆಸರು ಯೋಗ್ಯತೆಗಿಂತ ದೊಡ್ಡದು. ಆ ಹೆಸರಿನ ಮರೆಯಲ್ಲಿ ಮೂಲೆಗೆ ಬಿದ್ದದ್ದು ತಿಪ್ಪೆ ಗೊಬ್ಬರ.

ಜೀವಾಮೃತದ ಅಳತೆಯನ್ನೇ ನೋಡಬೇಕು: 200 ಲೀಟರ್ ನೀರು, 10 ಕೆ.ಜಿ. ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ತಲಾ ಒಂದೆರಡು ಕೆ.ಜಿ., ಒಂದು ಹಿಡಿ ಬದುವಿನ ಮಣ್ಣು. ನೆರಳಲ್ಲಿಟ್ಟು ಕೋಲಿನಿಂದ ತಿರುವುತ್ತ ಎರಡು ದಿನ ಹುದುಗಿಸಿದರೆ ಒಂದು ಎಕರೆಗೆ ಸಾಕು ಎನ್ನುತ್ತಾರೆ. ಇದರಲ್ಲಿ ಸಗಣಿಯಿಂದ 30–40 ಗ್ರಾಂ, ಗಂಜಲದಿಂದ ಹೆಚ್ಚೆಂದರೆ 100, ಹಿಟ್ಟಿನಿಂದ 70, ಒಟ್ಟು ಸುಮಾರು 200 ಗ್ರಾಂ ಸಾರಜನಕ ಬರುತ್ತದೆ. ಯೂರಿಯಾ ಲೆಕ್ಕದಲ್ಲಿ ಅರ್ಧ ಕೆ.ಜಿ.ಗೂ ಕಡಿಮೆ. ಚನ್ನರಾಯಪಟ್ಟಣದ ಹಿತ್ತಲಿನಲ್ಲಿ ಫಲ ಬಿಡುವ ಒಂದೇ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ ಶಿಫಾರಸಾಗಿರುವುದು 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್. ಅದರ ಬುಡಕ್ಕೆ 50 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರ ಹಾಕಿದರೆ 250 ಗ್ರಾಂ ಸಾರಜನಕ ಸಿಗುತ್ತದೆ. ಎಕರೆಗೆಂದು ಕಲಸಿದ ಡ್ರಮ್ಮು ಒಂದು ಮರದ ಗೊಬ್ಬರಕ್ಕೂ ಸಮವಿಲ್ಲ. ಅರ್ಧ ಗುಂಟೆ ಹಿತ್ತಲಿಗೆ ಅದರಲ್ಲಿ ಬರುವ ಪಾಲು ಎರಡೂವರೆ ಲೀಟರ್.

ಜೀವಾಮೃತ ಗೊಬ್ಬರವಲ್ಲ, ಸೂಕ್ಷ್ಮಜೀವಿಗಳ ಹೆಪ್ಪು ಎಂಬುದು ಇದಕ್ಕೆ ಸಿಗುವ ಸಮಜಾಯಿಷಿ. ಹೆಪ್ಪು ಸರಿ, ಹಾಲೆಲ್ಲಿದೆ? ಸೂಕ್ಷ್ಮಜೀವಿಗಳು ತಿಂದು ಬದುಕಲು ಮಣ್ಣಿನಲ್ಲಿ ತರಗು, ಕಸಕಡ್ಡಿ ಇರಬೇಕು. ಪಾಳೇಕರ್ ಪದ್ಧತಿಯಲ್ಲೇ ಮುಚ್ಚಿಗೆಗೆ, ಅಂದರೆ ಮಣ್ಣಿನ ಮೇಲೆ ಹೊದಿಸುವ ತರಗಿನ ಹೊದಿಕೆಗೆ, ಜೀವಾಮೃತದಷ್ಟೇ ಸ್ಥಾನವಿದೆ. ಕೈತೋಟದವರು ಮುಚ್ಚಿಗೆಯ ತರಗನ್ನು ಗುಡಿಸಿ ಸುಟ್ಟು, ಡ್ರಮ್ಮನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಜೀವಾಮೃತದ ವಿರೋಧಿಗಳ ವಾದವೂ ಹಿತ್ತಲಿಗೆ ಹೊಂದುವುದಿಲ್ಲ. ಶೂನ್ಯ ಬಂಡವಾಳ ಕೃಷಿ ಸಾಬೀತಾಗದ ತಂತ್ರವೆಂದು ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ 2019ರಲ್ಲಿ ಆಕ್ಷೇಪಿಸಿತು. ಅದರ ಆತಂಕ ದೇಶದ ಇಳುವರಿಯದು. ನಾಲ್ಕು ಬದನೆ ಗಿಡಕ್ಕೆ ಆ ಆತಂಕ ಬೇಕಿಲ್ಲ. ಬೆಂಬಲಿಗರು ಗಿಡದ ಬೆಳವಣಿಗೆಯ ನೂರಕ್ಕೆ 98 ಪಾಲು ಗಾಳಿ, ನೀರು, ಬಿಸಿಲಿನಿಂದಲೇ ಬರುತ್ತದೆ ಎನ್ನುತ್ತಾರೆ. ಒಣತೂಕದ ಬಹುಪಾಲಿನ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜವೇ. ಆದರೆ ಗೊಬ್ಬರದ ಜಗಳವೆಲ್ಲ ಇರುವುದು ಉಳಿದ ಚೂರಿನಲ್ಲಿ. ಗಾಳಿಯಲ್ಲಿ ಎಷ್ಟೇ ಸಾರಜನಕವಿದ್ದರೂ ಬದನೆ ಅದನ್ನು ನೇರವಾಗಿ ಹೀರಲಾರದು. ರಂಜಕ, ಪೊಟ್ಯಾಷ್‌ಗಳಂತೂ ಗಾಳಿಯಿಂದ ಇಳಿಯುವುದಿಲ್ಲ.

ರಾಸಾಯನಿಕದ ಕಡೆಗೆ ಇಷ್ಟು ಹೇಳಿದರೆ ಸಾಕು. ಮಣ್ಣು ಕಡಿಮೆಯಿರುವ ಕುಂಡಕ್ಕೆ ಅಳೆದು ಕೊಟ್ಟ 19:19:19 ರಸಗೊಬ್ಬರ ತಪ್ಪಲ್ಲ. ಕೀಟನಾಶಕದ ಮಾತು ಬೇರೆ. ಬೆಂಡೆ, ಬದನೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯುವ ಮನೆಯಲ್ಲಿ, ಸಿಂಪಡಿಸಿದ ಮೇಲೆ ಕಾಯಬೇಕಾದ ದಿನಗಳನ್ನು ಪಾಲಿಸುವುದೇ ಕಷ್ಟ. ಹಾಗೆಂದು ಸಾವಯವದ ಹೆಸರು ಹೊತ್ತದ್ದೆಲ್ಲ ನಿರಪಾಯವಲ್ಲ. ಹೊಗೆಸೊಪ್ಪು ಬೆಳೆಯುವ ಅರಕಲಗೂಡಿನ ಸೀಮೆಯಲ್ಲಿ ಅದರ ಕಷಾಯಕ್ಕೆ ಕೊರತೆಯಿಲ್ಲ; ಅದರಲ್ಲಿರುವ ನಿಕೋಟಿನ್ ಮನುಷ್ಯನಿಗೂ ವಿಷ. ಹಾಸನದ ಆಲೂಗಡ್ಡೆಗೆ ಮೋಡ ಕವಿದ ದಿನಗಳಲ್ಲಿ ಅಂಗಮಾರಿ ಬಂದಾಗ ಹೊಡೆಯುವ ಬೋರ್ಡೋ ದ್ರಾವಣ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 10 ಲೀಟರ್ ನೀರಿನ ಮಿಶ್ರಣ. ಮೈಲುತುತ್ತ ಅಪ್ಪಟ ರಾಸಾಯನಿಕವಾದರೂ ಸಾವಯವ ನಿಯಮಗಳು ಮಿತಿಯೊಳಗೆ ಅದನ್ನು ಒಪ್ಪುತ್ತವೆ.

ಆದ್ದರಿಂದ ಹಣೆಪಟ್ಟಿ ನೋಡಿ ಆರಿಸುವ ಬದಲು ಒಂದು ಕ್ರಮ ಹಿಡಿಯುವುದು ಲೇಸು. ಮೊದಲು ಮಣ್ಣು ಪರೀಕ್ಷೆ. ಆಮೇಲೆ ಅಡುಗೆಮನೆಯ ಸಿಪ್ಪೆ, ತರಗು, ಸಗಣಿ ಸೇರಿ ಕಳಿತ ತಿಪ್ಪೆ ಗೊಬ್ಬರ. ಅದರ ಜೊತೆಗೆ ಹೊಂಗೆ ಅಥವಾ ಬೇವಿನ ಹಿಂಡಿ ಮತ್ತು ಮುಚ್ಚಿಗೆ. ಇಷ್ಟಾದರೂ ಕೊರತೆ ಕಂಡರೆ ಆ ಪೋಷಕಾಂಶದಷ್ಟಕ್ಕೆ ರಸಗೊಬ್ಬರ. ಹಸು ಕಟ್ಟಿದ ಮನೆಯವರು ಜೀವಾಮೃತ ಮಾಡಿದರೆ ನಷ್ಟವಿಲ್ಲ. ಬೆಲ್ಲ, ಹಿಟ್ಟು, ಗಂಜಲವನ್ನೆಲ್ಲ ದುಡ್ಡು ಕೊಟ್ಟು ತರಬೇಕಾದವರಿಗೆ ಅದರ ಅಗತ್ಯವಿಲ್ಲ.