ಹುಡುಗಾಟ, ಪೊಲೀಸ್ ಠಾಣೆ, ಬಾಲನ್ಯಾಯ ಮಂಡಳಿ

2024ರ ಮೇ 6ರಂದು, ಗುಜರಾತಿನಲ್ಲಿ ಲೋಕಸಭೆಗೆ ಮತದಾನ ನಡೆಯುವ ಹಿಂದಿನ ದಿನ, ಅಹಮದಾಬಾದಿನ ಹಲವು ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆಂಬ ಮೇಲ್ ಬಂತು. ಅದಕ್ಕೆ ಐದು ತಿಂಗಳು ಮೊದಲು, 2023ರ ಡಿಸೆಂಬರ್ 1ರಂದು, ಬೆಂಗಳೂರಿನಲ್ಲಿ ಇಂಥದೇ ಮೇಲ್ ಬಂದ ಅರವತ್ತಕ್ಕೂ ಹೆಚ್ಚು ಶಾಲೆಗಳ ಮುಂದೆ ತಂದೆತಾಯಂದಿರು ಮಕ್ಕಳನ್ನು ಹುಡುಕುತ್ತ ನಿಂತಿದ್ದರು. ಎರಡೂ ಹುಸಿ. ಅಹಮದಾಬಾದಿನದು ವಿದ್ಯಾರ್ಥಿಗಳ ಕೆಲಸವಲ್ಲ, ಗಡಿಯಾಚೆಯದು ಎಂದು ಪೊಲೀಸರು ಹೇಳಿದರು. ಆದರೆ ಇಂಥ ಸುದ್ದಿಯಿಂದ ಮಕ್ಕಳು ಕಲಿಯುವುದು ಬೇರೆಯೇ. 2024ರ ಡಿಸೆಂಬರಿನಲ್ಲಿ ದೆಹಲಿಯ ರೋಹಿಣಿಯಲ್ಲಿ ಶಾಲೆಗೆ ಬಂದ ಬೆದರಿಕೆಯ ಮೂಲ ಹುಡುಕಿದಾಗ ಸಿಕ್ಕಿದವರು ಪರೀಕ್ಷೆಗೆ ಓದಿಕೊಳ್ಳದ ವಿದ್ಯಾರ್ಥಿಗಳು. ಹಿಂದಿನ ಪ್ರಕರಣಗಳನ್ನು ನೋಡಿಯೇ ಅವರಿಗೆ ಈ ಉಪಾಯ ಹೊಳೆದಿತ್ತು. ಬುದ್ಧಿ ಹೇಳಿ, ಹೆತ್ತವರಿಗೆ ಎಚ್ಚರಿಕೆ ಕೊಟ್ಟು ಪೊಲೀಸರು ಅವರನ್ನು ಮನೆಗೆ ಕಳಿಸಿದರು. ತಿಂಗಳೊಳಗೆ, 2025ರ ಜನವರಿಯಲ್ಲಿ, ಅದೇ ನಗರದ 12ನೆಯ ತರಗತಿಯ ಹುಡುಗನೊಬ್ಬ ಸಿಕ್ಕಿಬಿದ್ದ. ಈ ಸಲ ಪತ್ರಿಕಾಗೋಷ್ಠಿಯೇ ನಡೆಯಿತು. ಅವನ ತಂದೆಗೆ ಯಾವ ಸಂಸ್ಥೆಯ ನಂಟಿದೆ ಎಂಬುದೂ ಅಲ್ಲಿ ಚರ್ಚೆಯಾಯಿತು.

ಒಂದು ಕಡೆ ಗದರಿಸಿ ಕಳಿಸುವುದು, ಇನ್ನೊಂದು ಕಡೆ ಮೈಕಿನ ಮುಂದೆ ತರುವುದು. ನನ್ನ ತಕರಾರು ಎರಡರ ಮೇಲೂ ಇದೆ. ಏಕೆಂದರೆ ನಮ್ಮ ಕಾನೂನು ಇವೆರಡನ್ನೂ ಬಿಟ್ಟು ಮೂರನೆಯದೊಂದು ದಾರಿಯನ್ನು ಬಹಳ ಎಚ್ಚರದಿಂದ ಹಾಕಿಕೊಟ್ಟಿದೆ.

ಅಪರಾಧ ಸಣ್ಣದೇನೂ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಂ ಪ್ರಕಾರ ಜೀವ ತೆಗೆಯುವ ಬೆದರಿಕೆಗೆ ಏಳು ವರ್ಷದವರೆಗೆ ಸಜೆ. ಹೆಸರು ಮರೆಸಿ ಬೆದರಿಸಿದರೆ ಅದರ ಮೇಲೆ ಇನ್ನೂ ಎರಡು ವರ್ಷದವರೆಗೆ ಸೇರುತ್ತದೆ. ಗಾಬರಿ ಹುಟ್ಟಿಸುವ ಸುಳ್ಳುಸುದ್ದಿಗೆ 353ನೆಯ ಕಲಂ ಇದೆ. ಗೆಳೆಯನ ಪಾಸ್‌ವರ್ಡ್ ಕದ್ದು ಅವನ ಖಾತೆಯಿಂದ ಕಳಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ. ಹದಿನೆಂಟು ತುಂಬಿದವನಿಗೆ ಇದೆಲ್ಲ ನೇರವಾಗಿ ತಾಗುತ್ತದೆ. ಹನ್ನೆರಡನೆಯ ತರಗತಿಯಲ್ಲಿ ಹದಿನೆಂಟಾದವರೂ ಆಗದವರೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಒಂದೇ ಕಿತಾಪತಿಗೆ ಒಬ್ಬ ಮ್ಯಾಜಿಸ್ಟ್ರೇಟರ ಮುಂದೆ, ಇನ್ನೊಬ್ಬ ಬಾಲನ್ಯಾಯ ಮಂಡಳಿಯ ಮುಂದೆ.

ಜೊತೆಗಿದ್ದವರ ಪಾಡೇನು? ಹುಡುಗಾಟ ಒಬ್ಬರಿಂದ ಆಗುವುದು ಅಪರೂಪ. ಒಬ್ಬ ಬರೆಯುತ್ತಾನೆ, ಒಬ್ಬ ಫೋನು ಕೊಡುತ್ತಾನೆ, ನಾಲ್ವರು ವಾಟ್ಸಾಪ್ ಗುಂಪಿನಲ್ಲಿ ನಗುತ್ತಾರೆ. ಎಲ್ಲರ ಉದ್ದೇಶ ಒಂದೇ ಆಗಿದ್ದರೆ ಸಂಹಿತೆಯ 3(5)ನೆಯ ಕಲಂ ಎಲ್ಲರನ್ನೂ ಸಮಾನ ಹೊಣೆಗಾರರನ್ನಾಗಿಸುತ್ತದೆ. ಸುಮ್ಮನೆ ಪಕ್ಕದಲ್ಲಿದ್ದದ್ದು, ಮೆಸೇಜ್ ಓದಿದ್ದು ಅಷ್ಟಕ್ಕೇ ಸಾಲದು. ಗೊತ್ತಿದ್ದೂ ಫೋನು ಕೊಟ್ಟವನು ಮಾತ್ರ ನಾನು ಬರೆಯಲಿಲ್ಲ ಎಂದು ತಪ್ಪಿಸಿಕೊಳ್ಳಲಾರ. ಈ ವ್ಯತ್ಯಾಸವನ್ನು ಯಾವ ಶಾಲೆಯ ಪ್ರಾರ್ಥನಾ ಸಭೆಯಲ್ಲಾದರೂ ಯಾರಾದರೂ ಬಿಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ. ಕಟ್ಟುನಿಟ್ಟಿನ ಕ್ರಮ ಎಂಬ ಎರಡು ಪದ ಮಾತ್ರ ಎಲ್ಲೆಡೆ ಕೇಳುತ್ತದೆ.

2015ರ ಬಾಲನ್ಯಾಯ ಕಾಯ್ದೆಯ ನಿಜವಾದ ಗುಣ ಕಾಣುವುದು ಇಲ್ಲಿಂದ ಮುಂದೆ. ಹದಿನಾರು ದಾಟಿದವರನ್ನು ವಯಸ್ಕರಂತೆ ವಿಚಾರಿಸಲು ಅವಕಾಶವಿರುವುದು ಕನಿಷ್ಠ ಏಳು ವರ್ಷ ಶಿಕ್ಷೆಯುಳ್ಳ ಘೋರ ಅಪರಾಧಗಳಿಗೆ ಮಾತ್ರ. ಹುಸಿ ಬೆದರಿಕೆ ಆ ಸಾಲಿಗೆ ಬರುವುದಿಲ್ಲ. 2016ರ ಮಾದರಿ ನಿಯಮಗಳ ಪ್ರಕಾರ ಇಂಥ ಪ್ರಕರಣದಲ್ಲಿ, ವಯಸ್ಕರು ಜೊತೆಗಿರದಿದ್ದರೆ, ಎಫ್‌ಐಆರ್ ಕೂಡ ದಾಖಲಿಸುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು ಮಂಡಳಿಗೆ ಕಳಿಸಬೇಕು. ಲಾಕಪ್ಪಿಲ್ಲ. ಹಿಡಿದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ. ಪರಿವೀಕ್ಷಣಾಧಿಕಾರಿ ಮನೆಗೆ ಹೋಗಿ ಆ ಮಗುವಿನ ಸ್ಥಿತಿಗತಿ ಏನೆಂದು 15 ದಿನದಲ್ಲಿ ವರದಿ ಕೊಡಬೇಕು.

ವಟ್ವಾದಂಥ ಜಾಗದಲ್ಲಿ ಆ ವರದಿಗೆ ಎಷ್ಟು ಬೆಲೆ ಎಂಬುದನ್ನು ಯೋಚಿಸಿ. ಅಹಮದಾಬಾದಿನ ಪೂರ್ವಕ್ಕಿರುವ ಈ ಕೈಗಾರಿಕಾ ವಸಾಹತಿನಲ್ಲಿ ಬಣ್ಣ ಮತ್ತು ರಾಸಾಯನಿಕ ಕಾರ್ಖಾನೆಗಳ ಪಾಳಿಗೆ ಹೋಗುವ ಅಪ್ಪ, ಅವನ ಹೆಸರಿನ ಸಿಮ್ಮು, ಮನೆಮಂದಿಗೆಲ್ಲ ಒಂದೇ ಫೋನು ಇರುವ ಸಂಸಾರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಪೊಲೀಸರು ಮೊದಲು ತಲುಪುವುದು ಆ ಅಪ್ಪನನ್ನು. ಫೋನು ಜಪ್ತಿಯಾದರೆ ಗುತ್ತಿಗೆದಾರನ ಕರೆಯೂ ಯುಪಿಐ ಹಣವೂ ನಿಂತವು. ದೊಡ್ಡ ಶಾಲೆಯ ಹುಡುಗನ ಮನೆಯವರು ವಕೀಲರನ್ನು ಕರೆದುಕೊಂಡು ಬರುತ್ತಾರೆ. ಇವನ ಮನೆಯವರು ಒಂದು ದಿನದ ಕೂಲಿ ಬಿಟ್ಟು ಬರಬೇಕು. ಗದರಿಸಿ ಕಳಿಸುವ ಔದಾರ್ಯ ಯಾರಿಗೆ ಸಿಗುತ್ತದೆ ಎಂಬುದನ್ನು ಠಾಣೆಯ ಮರ್ಜಿಗೆ ಬಿಡಬಾರದೆಂದೇ ಮಂಡಳಿ ಇರುವುದು.

ಬಾಲನ್ಯಾಯ ಕಾಯ್ದೆಯ 18ನೆಯ ಕಲಂ ಮಂಡಳಿಯ ಕೈಗೆ ಕೊಟ್ಟಿರುವ ಮಾರ್ಗಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಸಮುದಾಯ ಸೇವೆ. ಬುದ್ಧಿವಾದ, ಆಪ್ತಸಮಾಲೋಚನೆ, ಹೆತ್ತವರಿಗೆ ದಂಡ, ಗರಿಷ್ಠ ಮೂರು ವರ್ಷದವರೆಗೆ ವಿಶೇಷ ಗೃಹ ಇವೂ ಇವೆ. ಆದರೆ ಬಾಂಬ್ ಪತ್ತೆ ದಳ ಬೆಳಗಿನಿಂದ ಒಂದೊಂದೇ ಕೋಣೆ ಜಾಲಾಡಿದ್ದನ್ನು, ಒಂದನೆಯ ತರಗತಿಯ ಮಕ್ಕಳನ್ನು ಸಾಲಾಗಿ ಮೈದಾನಕ್ಕೆ ತಂದ ಆಯಾಗಳ ಗಾಬರಿಯನ್ನು ಆ ಹುಡುಗ ನೋಡಲೇ ಇಲ್ಲ. ಅದನ್ನು ತಿಳಿಸಿಕೊಡುವ ಕೆಲಸವನ್ನೇ ಅವನಿಗೆ ಹಚ್ಚಬೇಕು. ಕಾಯ್ದೆಯ ಕೊರತೆಯೂ ಇಲ್ಲಿಯೇ ಇದೆ: ತೊಂದರೆಗೆ ಒಳಗಾದವರನ್ನೂ ಆ ಹುಡುಗನನ್ನೂ ಎದುರುಬದುರು ಕೂರಿಸಬೇಕೆಂಬ ಸ್ಪಷ್ಟ ವಿಧಿ ಅದರಲ್ಲಿಲ್ಲ. ಒಳ್ಳೆಯ ಮಂಡಳಿ ಮಾಡಬಹುದು, ಮಾಡದಿದ್ದರೆ ಕೇಳುವವರಿಲ್ಲ.

24ನೆಯ ಕಲಂ ಇನ್ನೂ ಉದಾರವಾಗಿದೆ. ಈ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು, ದಾಖಲೆ ನಾಶವಾಗಬೇಕು. 74ನೆಯ ಕಲಂ ಮಗುವಿನ ಹೆಸರು, ಶಾಲೆ, ಚಿತ್ರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಆದರೂ ಟೀವಿ ಶಾಲೆಯ ಗೇಟು ತೋರಿಸುತ್ತದೆ, ತಂದೆಯ ಕಸುಬು ಹೇಳುತ್ತದೆ. ಮಿಕ್ಕದ್ದನ್ನು ಓಣಿಯವರು ತುಂಬಿಕೊಳ್ಳುತ್ತಾರೆ. ಶಾಲೆಗಳಂತೂ ಮಂಡಳಿಯ ತೀರ್ಮಾನಕ್ಕೂ ಕಾಯದೆ ವರ್ಗಾವಣೆ ಪತ್ರ ಬರೆದು ಕೈಗಿಡಬಲ್ಲವು. ಮಂಡಳಿ ಮನೆಗೆ ಕಳಿಸಿದ ಹುಡುಗನಿಗೆ ಬೋರ್ಡ್ ಪರೀಕ್ಷೆಯ ವರ್ಷದ ನಡುವಿನಲ್ಲಿ ಯಾವ ಶಾಲೆ ಸೀಟು ಕೊಡುತ್ತದೆ? ಜಿಲ್ಲಾ ಶಿಕ್ಷಣಾಧಿಕಾರಿಗಳು ಉತ್ತರಿಸಬೇಕಾದ ಪ್ರಶ್ನೆ ಇದು.