ಸಂಗಾತಿಯ ವೀಸಾ, ಸಂಗಾತಿಯ ದುಡಿಮೆ

ಪರದೇಶದಲ್ಲಿ ಉದ್ಯೋಗ ದೊರೆತವರು ತಮ್ಮ ಸಂಸಾರವನ್ನು ಜೊತೆಗೆ ಕರೆದೊಯ್ಯುವುದು ಸಹಜಧರ್ಮ. ಆ ಸಂಸಾರವನ್ನು ಯಾವ ನಿಬಂಧನೆಗಳ ಮೇಲೆ ಒಳಕ್ಕೆ ಬಿಟ್ಟುಕೊಳ್ಳತಕ್ಕದ್ದೆಂದು ಗೊತ್ತುಮಾಡುವುದು ಆಯಾ ರಾಷ್ಟ್ರದ ಅಧಿಕಾರವೆಂಬುದೂ ನಿರ್ವಿವಾದ. ಆದರೆ ದಂಪತಿಗಳಲ್ಲಿ ಒಬ್ಬರ ವಿದ್ಯೆಗೆ ಮನ್ನಣೆಯಿತ್ತು ಬರಮಾಡಿಕೊಂಡು, ಅದೇ ಮನೆಯ ಮತ್ತೊಬ್ಬರ ವಿದ್ಯೆಯನ್ನು ವರ್ಷಾನುಗಟ್ಟಲೆ ನಿಷ್ಪ್ರಯೋಜಕವಾಗಿ ಕೂರಿಸುವ ಕಾನೂನು, ಬುದ್ಧಿವಂತರನ್ನು ಆಹ್ವಾನಿಸುವ ತನ್ನ ಉದ್ದೇಶಕ್ಕೆ ತಾನೇ ವಿರುದ್ಧವಾಗಿ ನಡೆಯುತ್ತಿದೆಯೆಂದು ಹೇಳದೆ ವಿಧಿಯಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನವು ಎಚ್ ವರ್ಗದ ವಿದೇಶೀ ನೌಕರರ ಸಂಗಾತಿಗಳಿಗೆ ಕೊಡುವ ಎಚ್-4 ವೀಸಾ ಅಂಥದೊಂದು ವ್ಯವಸ್ಥೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಎಷ್ಟೋ ಮನೆಗಳ ಸುಶಿಕ್ಷಿತ ಹೆಣ್ಣುಮಕ್ಕಳ ತಾರುಣ್ಯದ ವರ್ಷಗಳು ಇದರ ಕೈಯಲ್ಲಿರುವುದರಿಂದ, ಇದರ ಗುಣದೋಷಗಳನ್ನು ನಾವು ಆಮೂಲಾಗ್ರವಾಗಿ ವಿವೇಚಿಸುವುದು ಅಗತ್ಯ.

ಎಚ್ ವರ್ಗದ ನೌಕರರ ಪತಿಪತ್ನಿಯರಿಗೂ ಮಕ್ಕಳಿಗೂ ಪ್ರವೇಶ ಕೊಟ್ಟ ತಿದ್ದುಪಡಿ 1970ರದು. ವಿಶೇಷ ವಿದ್ಯೆಯ ನೌಕರರಿಗಾಗಿರುವ, ಇಂದು ನಾವು ಎಚ್-1ಬಿ ಎನ್ನುವ ವರ್ಗ ರೂಪುಗೊಂಡದ್ದು 1990ರ ಕಾಯಿದೆಯಿಂದ. ಮುಖ್ಯ ನೌಕರರಿಗೆ ಮೊದಲು ಮೂರು ವರ್ಷ, ಸಾಮಾನ್ಯವಾಗಿ ಒಟ್ಟು ಆರು ವರ್ಷದ ಅವಧಿ. ಅವರು ಇರುವಷ್ಟು ಕಾಲ ಸಂಗಾತಿಯೂ ಇರಬಹುದು. ಈ ವ್ಯವಸ್ಥೆಯ ಗುಣವನ್ನು ಮೊದಲು ಒಪ್ಪಿಕೊಳ್ಳೋಣ. ವಿದ್ಯಾರ್ಥಿಯೊಡನೆ ಹೋದ ಎಫ್-2 ಸಂಗಾತಿಗೆ ಪೂರ್ಣಾವಧಿಯ ಪದವಿ ವ್ಯಾಸಂಗ ನಿಷಿದ್ಧವಾಗಿದ್ದರೆ, ಎಚ್-4 ಸಂಗಾತಿ ವಿಶ್ವವಿದ್ಯಾಲಯವನ್ನು ಸೇರಿ ಸ್ನಾತಕೋತ್ತರ ಪದವಿಯನ್ನೇ ಪಡೆಯಬಹುದು. ವಾರಾಂತ್ಯಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸುವಂಥ ವೇತನರಹಿತ ಸೇವೆಗೂ ಅಡ್ಡಿಯಿಲ್ಲ. ಇಲ್ಲದಿರುವುದು ಒಂದೇ, ದುಡಿದು ಸಂಪಾದಿಸುವ ಹಕ್ಕು. ಆ ಹಕ್ಕಿಲ್ಲದವರಿಗೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ದೊರೆಯುವುದಿಲ್ಲ. ಪದವಿಯನ್ನು ಗಳಿಸಲು ಅವಕಾಶವಿತ್ತು ಅದನ್ನು ಬಳಸಲು ಅವಕಾಶ ಕೊಡದಿರುವುದು ಎಂಥ ಔದಾರ್ಯವೆಂದು ಸಹೃದಯರು ಯೋಚಿಸಬೇಕು.

ಈ ನಿರ್ಬಂಧವನ್ನು 2015ರ ಮೇ 26ರಂದು ಜಾರಿಗೆ ಬಂದ ನಿಯಮವೊಂದು ಸಡಿಲಿಸಿತು. ಮುಖ್ಯ ನೌಕರರಿಗೆ ಶಾಶ್ವತವಾಸದ ಗ್ರೀನ್ ಕಾರ್ಡ್ ಕೋರಿ ಅವರ ಪರವಾಗಿ ಕಂಪನಿ ಸಲ್ಲಿಸಿದ ಐ-140 ಅರ್ಜಿ ಮಂಜೂರಾಗಿದ್ದರೆ, ಅಥವಾ ಗ್ರೀನ್ ಕಾರ್ಡಿನ ನಿರೀಕ್ಷೆಯಲ್ಲಿ ಅವರ ಅವಧಿ ಆರು ವರ್ಷ ಮೀರಿ ವಿಸ್ತರಿಸಿದ್ದರೆ, ಸಂಗಾತಿ ಇಎಡಿ ಎಂಬ ಅನುಮತಿಪತ್ರ ಪಡೆದು ಯಾವ ಉದ್ಯೋಗವನ್ನಾದರೂ ಮಾಡಬಹುದು. ಸಾವಿರಾರು ಮನೆಗಳಿಗೆ ಇದರಿಂದ ಉಸಿರಾಡುವಂತಾಯಿತೆಂಬುದು ದಿಟ. ಆದರೂ ಮೂಲದೋಷ ಹಾಗೆಯೇ ಉಳಿಯಿತು: ಹೆಂಡತಿಯ ಜೀವನೋಪಾಯ ಅವಳ ಯೋಗ್ಯತೆಯನ್ನಾಗಲಿ ಶ್ರಮವನ್ನಾಗಲಿ ಅವಲಂಬಿಸದೆ, ಅವಳ ಮುಖವನ್ನೇ ಕಂಡರಿಯದ, ಗಂಡನ ಕಂಪನಿ ಅರ್ಜಿ ಹಾಕುವ ಮನಸ್ಸು ಮಾಡುವುದನ್ನು ಅವಲಂಬಿಸಿತು. ಅದಲ್ಲದೆ ಇದು ಶಾಸನಸಭೆ ಕೊಟ್ಟ ಹಕ್ಕಲ್ಲ, ಇಲಾಖೆ ಬರೆದ ನಿಯಮ. ಒಂದು ಸರ್ಕಾರ ಕೊಟ್ಟುದನ್ನು 2017ರಲ್ಲಿ ಮುಂದಿನ ಸರ್ಕಾರ ಹಿಂತೆಗೆದುಕೊಳ್ಳಲು ಹೊರಟಿತು. ಆ ಪ್ರಸ್ತಾಪವನ್ನು ಕೈಬಿಟ್ಟದ್ದು 2021ರ ಜನವರಿಯಲ್ಲಿ. ನಿಯಮವನ್ನು ಪ್ರಶ್ನಿಸಿದ ‘ಸೇವ್ ಜಾಬ್ಸ್ ಯುಎಸ್ಎ’ ಎಂಬ ಸಂಘಟನೆಯ ಮೊಕದ್ದಮೆ 2015ರಲ್ಲೇ ಹೂಡಲ್ಪಟ್ಟು, ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯುವ ಹೊತ್ತಿಗೆ 2024ರ ಆಗಸ್ಟ್ ಬಂದಿತ್ತು. 2025ರ ಅಕ್ಟೋಬರ್ 30ರಿಂದೀಚೆಗೆ ಸಲ್ಲಿಸಿದ ಇಎಡಿ ನವೀಕರಣದ ಅರ್ಜಿಗಳಿಗೆ ಹಿಂದಿನ ಸ್ವಯಂಚಾಲಿತ ವಿಸ್ತರಣೆಯೂ ಇಲ್ಲ. ಹೊಸ ಕಾರ್ಡು ಬರುವುದು ತಡವಾದರೆ ಕೈಯಲ್ಲಿರುವ ಕೆಲಸವನ್ನು ನಿಲ್ಲಿಸಿ ಮನೆಯಲ್ಲಿ ಕೂರಬೇಕಾಗುತ್ತದೆ. ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000; ಅವುಗಳಲ್ಲಿ ಒಂದೊಂದು ದೇಶದವರಿಗೆ ಶೇಕಡಾ 7ರ ಮಿತಿ; ಭಾರತೀಯರ ಸರದಿ ದಶಕವನ್ನೂ ಮೀರಿದ್ದು. ಇಷ್ಟು ದೀರ್ಘವಾದ ಅನಿಶ್ಚಿತತೆಯನ್ನು ತಾತ್ಕಾಲಿಕವೆಂದು ಕರೆಯುವುದು ಹೇಗೆ?

ಸ್ವದೇಶೀಯರ ಉದ್ಯೋಗಕ್ಕೆ ಚ್ಯುತಿ ಬಾರದಿರಲೆಂದು ಈ ನಿರ್ಬಂಧವೆಂದು ವಾದಿಸುವವರುಂಟು. ಆ ವಾದವನ್ನು ಅದೇ ದೇಶದ ಎಲ್-2 ವೀಸಾ ಖಂಡಿಸುತ್ತದೆ. ಬೆಂಗಳೂರಿನ ಕಚೇರಿಯಿಂದ ಅದೇ ಕಂಪನಿಯ ಅಮೆರಿಕದ ಕಚೇರಿಗೆ ವರ್ಗವಾಗಿ ಹೋದ ನೌಕರರ ಸಂಗಾತಿಗಳಿಗೆ 2002ರ ಕಾನೂನೇ ದುಡಿಯುವ ಹಕ್ಕನ್ನು ಕೊಟ್ಟಿತು. 2021ರ ನವೆಂಬರಿನಿಂದ ಅವರಿಗೆ ಪ್ರತ್ಯೇಕ ಅನುಮತಿಪತ್ರವೂ ಬೇಡ. ಒಂದೇ ಕಾಲೇಜಿನಲ್ಲಿ ಓದಿ ಒಂದೇ ಪಟ್ಟಣದಲ್ಲಿ ಸಂಸಾರ ಹೂಡಿದ ಇಬ್ಬರು ಗೆಳತಿಯರಲ್ಲಿ ಒಬ್ಬಳು ಬಂದ ವಾರವೇ ಕೆಲಸ ಹುಡುಕಲು ಹೊರಡುವಳು, ಮತ್ತೊಬ್ಬಳು ಗಂಡನ ಕಡತ ಮುಂದೆ ಸರಿಯುವುದನ್ನು ಕಾಯುವಳು. ಗಂಡಂದಿರು ಆ ದೇಶವನ್ನು ಹೊಕ್ಕ ಬಾಗಿಲು ಬೇರೆಯೆಂಬುದನ್ನು ಬಿಟ್ಟರೆ ಈ ಭೇದಕ್ಕೆ ಆಧಾರವೇ ಇಲ್ಲ.

ಅನ್ಯದೇಶಗಳ ಪದ್ಧತಿಗಳಲ್ಲಿ ಜರ್ಮನಿಯದು ಹೆಚ್ಚು ವಿಚಾರಪೂರ್ವಕವಾದುದೆಂದು ನನಗೆ ತೋರುತ್ತದೆ. ಅಲ್ಲಿ ಉನ್ನತ ವಿದ್ಯೆಯ ವಿದೇಶೀ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಪಡೆದವರ ಪತಿ ಅಥವಾ ಪತ್ನಿ ಮುಂಚಿತವಾಗಿ ಜರ್ಮನ್ ಭಾಷೆಯ ಪರೀಕ್ಷೆ ಕೊಡಬೇಕಾಗಿಲ್ಲ. ವಾಸದ ಅನುಮತಿಯಲ್ಲಿಯೇ ದುಡಿಮೆಯ ಹಕ್ಕು ಅಡಕವಾಗಿದೆ. ಜಪಾನು ವಿಶೇಷಾನುಮತಿ ಪಡೆದ ಸಂಗಾತಿಗಳಿಗೆ ವಾರಕ್ಕೆ 28 ಗಂಟೆ ದುಡಿಯಗೊಡುತ್ತದೆ. ಬ್ರಿಟನ್ನು ಸಂಗಾತಿಗಳ ದುಡಿಮೆಯ ವಿಷಯದಲ್ಲಿ ಉದಾರವಾಗಿದ್ದರೂ, 2024ರ ಮಾರ್ಚ್ 11ರಿಂದ ಹೊಸದಾಗಿ ಬರುವ ಆರೈಕೆಯ ಕೆಲಸಗಾರರು ಕುಟುಂಬವನ್ನು ಕರೆತರುವುದನ್ನೇ ನಿಲ್ಲಿಸಿತು. ವೃದ್ಧರನ್ನೂ ರೋಗಿಗಳನ್ನೂ ಶುಶ್ರೂಷೆ ಮಾಡುವವರಿಗೆ ತಮ್ಮ ಮಕ್ಕಳ ಸಾಮೀಪ್ಯವನ್ನೇ ನಿರಾಕರಿಸಿದ ಈ ನಿಯಮ ಎಚ್-4ಕ್ಕಿಂತಲೂ ಕಠೋರ.

ದುಡಿಮೆಯಿಲ್ಲದ ವಾಸದಿಂದ ನಷ್ಟವಾಗುವುದು ಹಣ ಮಾತ್ರವಲ್ಲ. ಸಮಾಜಶಾಸ್ತ್ರಜ್ಞೆ ಪಲ್ಲವಿ ಬ್ಯಾನರ್ಜಿಯವರು 2022ರಲ್ಲಿ ಪ್ರಕಟವಾದ ‘ದಿ ಆಪರ್ಚುನಿಟಿ ಟ್ರ್ಯಾಪ್’ ಎಂಬ ಗ್ರಂಥದಲ್ಲಿ ತಂತ್ರಜ್ಞರ ಮನೆಗಳ ಜೊತೆಗೆ, ಹೆಂಡತಿ ದಾದಿಯಾಗಿ ದುಡಿದು ಗಂಡ ಆಶ್ರಿತನಾಗಿರುವ ಭಾರತೀಯ ಮನೆಗಳನ್ನೂ ಅಧ್ಯಯನ ಮಾಡಿದ್ದಾರೆ. ಆದ್ದರಿಂದ ಇದನ್ನು ಹೆಂಗಸರ ಕಷ್ಟವೆಂದಷ್ಟೇ ತಳ್ಳಿಹಾಕುವಂತಿಲ್ಲ. ವಿವಾಹ ಮುರಿದರೆ ಎಚ್-4 ಸ್ಥಾನವೂ ಮುರಿಯುತ್ತದೆ. ಹಿಂಸೆಗೊಳಗಾದ ಸಂಗಾತಿಗೆ ಕೆಲಸದ ಅನುಮತಿ ಕೊಡುವ ವಿಧಿಯೊಂದು 2005ರ ಶಾಸನದಿಂದ ಬಂದುದೇನೋ ಹೌದು. ಆದರೆ ಗಾಯವಾದ ಮೇಲೆ ಕೊಡುವ ಆ ಹಕ್ಕನ್ನು ಮೊದಲೇ ಕೊಟ್ಟಿದ್ದರೆ ಎಷ್ಟೋ ಹೆಣ್ಣುಮಕ್ಕಳಿಗೆ ಕೆಟ್ಟ ಮನೆಯಿಂದ ಹೊರಬೀಳುವ ಧೈರ್ಯವಾದರೂ ಇರುತ್ತಿತ್ತು.

ಅಮೆರಿಕದ ಕಾನೂನನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ತಿಳಿದು ಹೊರಡುವುದು ನಮ್ಮ ಕೈಯಲ್ಲಿದೆ. ಹುಡುಗನ ಗೋತ್ರ, ಮನೆತನ, ಸಂಬಳಗಳನ್ನು ಅಷ್ಟು ಶ್ರದ್ಧೆಯಿಂದ ವಿಚಾರಿಸುವ ಹಿರಿಯರು ಅವನ ವೀಸಾ ಎಚ್ ವರ್ಗದ್ದೋ ಎಲ್ ವರ್ಗದ್ದೋ, ಐ-140 ಮಂಜೂರಾಗಿದೆಯೋ ಇಲ್ಲವೋ, ಆರು ವರ್ಷಗಳಲ್ಲಿ ಎಷ್ಟು ಕಳೆದಿವೆ ಎಂಬುದನ್ನೂ ಕೇಳಲಿ. ಮದುವೆಯಾದೊಡನೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸಿ ಪ್ರಮಾಣಪತ್ರವನ್ನು ಪಡೆಯಲಿ. ಈ ಪ್ರಶ್ನೆಗಳಿಗೆ ಉತ್ತರ ಬರುವವರೆಗೂ, ಇಲ್ಲಿ ಕೆಲಸದಲ್ಲಿರುವ ಮಗಳು ರಾಜೀನಾಮೆ ಕೊಡದಿರಲಿ.